ಏಕಾಂತಪ್ಪನ ಗಂಟಲು

ಕೊಟ್ಟೂರಿನ ಬಸ್ ನಿಲ್ದಾಣದ ಎದುರು ಗೋಲಿ ಸೋಡಾ ಅಂಗಡಿ ಇಟ್ಟಿದ್ದ ಏಕಾಂತಪ್ಪನನ್ನು ಮೊದಲ ಸಲ ಮಾತನಾಡಿಸಿದವರೆಲ್ಲ, ಆತನೇನೋ ಗುಟ್ಟು ಹೇಳುತ್ತಿದ್ದಾನೆಂದು ತಿಳಿದು ತಪ್ಪದೆ ಕಿವಿ ಮುಂದೆ ಮಾಡುತ್ತಿದ್ದರು. ಗುಟ್ಟು ಎಂಬುದು ಆ ಮನುಷ್ಯನ ಜಾಯಮಾನದಲ್ಲೇ ಇರಲಿಲ್ಲ. ಇದ್ದ ಧ್ವನಿಯೇ ಅಷ್ಟು. ತೂತು ಬಿದ್ದ ತಿದಿಯಿಂದ ಗಾಳಿ ಸೋರಿದಂತೆ ಮಾತು ಹೊರಬರುತ್ತಿತ್ತು, ವಾಕ್ಯದ ಕೊನೆಯ ಶಬ್ದವಂತೂ ತುಟಿ ದಾಟುವ ಮೊದಲೇ ಆರಿಹೋಗುತ್ತಿತ್ತು. ಪರವೂರಿನವರು ಕನಿಕರದಿಂದ, "ಗಂಟಲಿಗೆ ಏನಾಗೇತ್ರಿ, ಡಾಕ್ಟರಿಗೆ ತೋರ್ಸೀರೇನು?" ಎಂದು ಕೇಳಿದರೆ ಆತನಿಗೆ ಅದೊಂದು ಅವಮಾನ. "ರೋಗ ಅಲ್ರಿ ಇದು. ಗಂಟಲ ಜೋಗಪ್ಪಗ ಕೊಟ್ಟೀನಿ," ಎಂದು ಎದೆ ಸೆಟೆಸುತ್ತಿದ್ದ. ಕೇಳಿದವರು ಬೆಚ್ಚುತ್ತಿದ್ದರು. ಹೊಲ ಕೊಟ್ಟವರನ್ನು, ಹೆಣ್ಣು ಕೊಟ್ಟವರನ್ನು ಎಲ್ಲರೂ ಕಂಡಿದ್ದಾರೆ. ಗಂಟಲು ಕೊಟ್ಟವನನ್ನು ಯಾರು ಕಂಡಿದ್ದಾರೆ?

ಆಳು ಕಡ್ಡಿಯಷ್ಟೇ ಇದ್ದರೂ ನಡಿಗೆ ಮಾತ್ರ ಪೈಲ್ವಾನನದು. ಇಲ್ಲದ ಮಾಂಸಖಂಡಗಳು ಅಡ್ಡ ಬರುತ್ತವೆಂಬಂತೆ ತೋಳುಗಳನ್ನು ಮೈಯಿಂದ ದೂರ ಹಿಡಿದು, ಒಂದೊಂದು ಪಾದವನ್ನೂ ನೆಲಕ್ಕೆ ಊರಿ ಊರಿ ನಡೆಯುತ್ತಿದ್ದ. ಬೇಸಿಗೆಯ ರಣಬಿಸಿಲಿನಲ್ಲೂ ಮೈಮೇಲೆ ಮದುವೆಯ ಕರಿ ಕೋಟು. ಅದರ ಬಲಗಂಕುಳು ಅಂಗೈಯಗಲ ಹರಿದಿತ್ತು, ಹೆಂಡತಿ ಭರಮಮ್ಮ ಎಷ್ಟು ಬೇಡಿಕೊಂಡರೂ ಹೊಲಿಯಲು ಕೊಡುತ್ತಿರಲಿಲ್ಲ. ಲೋಕದ ಸಕಲ ವ್ಯವಹಾರಕ್ಕೂ ಆತನಲ್ಲಿದ್ದದ್ದು ಒಂದೇ ಪ್ರಶ್ನೆ. ಯಾರದೋ ಕೋರ್ಟಿನ ವ್ಯಾಜ್ಯವಾಗಲಿ, ಯಾರ ಮಗಳ ಸಂಬಂಧವಾಗಲಿ, ಮಾತೆಲ್ಲ ಕೇಳಿಸಿಕೊಂಡು ಕೊನೆಗೆ, "ಬೆನ್ನು ನೆಲಕ್ಕ ಹತ್ತೇತೇನ್ರಿ?" ಎನ್ನುತ್ತಿದ್ದ. ಇತ್ಯರ್ಥವಾಯಿತೇ ಎಂದು ಅದರ ಅರ್ಥ. ಬೆನ್ನು ನೆಲಕ್ಕೆ ಹತ್ತದ ಯಾವ ಸಂಗತಿಯನ್ನೂ ಆತ ಮುಗಿದದ್ದೆಂದು ಒಪ್ಪುತ್ತಿರಲಿಲ್ಲ.

ಇದಕ್ಕೆಲ್ಲ ಮೂಲ ಹರಪನಹಳ್ಳಿಯ ಪಂಚಾಕ್ಷರಪ್ಪನ ಫ್ರೀಸ್ಟೈಲ್ ಕುಸ್ತಿ ಕಂಪನಿ. ಮೊದಲು ನಾಟಕ ಕಂಪನಿ ನಡೆಸುತ್ತಿದ್ದ ಈ ಪಂಚಾಕ್ಷರಪ್ಪ ಎಪ್ಪತ್ತರ ದಶಕದಲ್ಲಿ ಪರದೆಗಳನ್ನು ಮಾರಿ, ಹಗ್ಗ ಬಿಗಿದ ಅಟ್ಟಣೆ ಕಟ್ಟಿಸಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲಿ ವರ್ಷಕ್ಕೊಂದು ಸುತ್ತು ಡೇರೆ ಹಾಕುತ್ತಿದ್ದ. ಅವನ ಪೈಲ್ವಾನರ ಪೈಕಿ ಕೊಟ್ಟೂರಿನ ಜೋಗಪ್ಪ, ಕೂಡ್ಲಿಗಿಯ ಬೊಮ್ಮಪ್ಪ ಇಬ್ಬರೂ ಹಾವು ಮುಂಗುಸಿ ಎಂದೇ ಪ್ರಸಿದ್ಧರು. ಆಗ ಏಕಾಂತಪ್ಪನ ಕಂಠವೆಂದರೆ ಊರಿಗೇ ಒಂದು ಹೆಮ್ಮೆ. ಸೋಮವಾರದ ಭಜನೆಯಲ್ಲಿ ಆತ ಸ್ವರ ಎತ್ತಿದನೆಂದರೆ ದಾರಿಹೋಕರು ಬುಟ್ಟಿ ಕೆಳಗಿಳಿಸಿ ನಿಲ್ಲುತ್ತಿದ್ದರು, ಭರಮಮ್ಮ ಆತನನ್ನು ಒಪ್ಪಿದ್ದೇ ಆ ಸ್ವರ ಕೇಳಿ. ಅಂಥ ಕಂಠವನ್ನು ಆತ ಒಂದು ಸಂಜೆ ಕುಸ್ತಿಯ ಡೇರೆಯಲ್ಲಿ ಕಳೆದುಕೊಂಡು ಬಂದ.

ಆ ಕಾಳಗವನ್ನು ಏಕಾಂತಪ್ಪ ವರ್ಷಗಟ್ಟಲೆ ಒಂದಕ್ಷರ ಆಚೀಚೆಯಾಗದಂತೆ ಹೇಳುತ್ತಿದ್ದ. ಬೊಮ್ಮಪ್ಪ ಕಣ್ಣಿಗೆ ಮಣ್ಣೆರಚಿದ. ಜೋಗಪ್ಪ ತಡಕಾಡಿ ಹಗ್ಗ ಹಿಡಿದ. ಕೈ ಜಾರಿ ಮಂಡಿಯೂರಿದ. ಇನ್ನೇನು ಮುಗಿಯಿತು ಎನ್ನುವಾಗ ಎಡಗೈ ಕಿವಿಗೆ ಇಟ್ಟು ಜನರತ್ತ ಓರೆಯಾದ. "ನಾ ಕೂಗಿದ್ನಿ ನೋಡ್ರಿ, ಏಳೋ ಜೋಗ್ಯಾ ಅಂತ. ಒಳಗ ಪಟ್ಟ್ ಅಂದು ಏನೋ ಹರೀತು. ಅವ ಕೇಳಿಸ್ಕೊಂಡ. ಎದ್ದ!" ಎದ್ದ ಜೋಗಪ್ಪ ಬೊಮ್ಮಪ್ಪನನ್ನು ಹೆಗಲಿಗೆತ್ತಿ ಒಂದು ಸುತ್ತು ತಿರುಗಿಸಿ ಅಪ್ಪಳಿಸಿದ. ಕೋಟಿನ ಕಂಕುಳು ಹರಿದದ್ದೂ ಆ ಗಳಿಗೆಯಲ್ಲೇ. ಮರುದಿನದಿಂದ ಭಜನೆಗೆ ಆತ ತಾಳ ಹಾಕುವವನಾದ. ಆಮೇಲೆ ಹುಟ್ಟಿದ ಮಗಳು ಅಪ್ಪ ಹಾಡಿದ್ದನ್ನು ಒಂದು ದಿನವೂ ಕೇಳಲಿಲ್ಲ. "ದೇವ್ರ ಹಾಡಿಗೆ ಇದ್ದ ಗಂಟಲ ಯಾವನಿಗೋ ಕೊಟ್ಟು ಬಂದಾನ," ಎಂದು ಭರಮಮ್ಮ ಗೊಣಗುತ್ತಿದ್ದಳು. ಏಕಾಂತಪ್ಪನಿಗೆ ಮಾತ್ರ ಎಳ್ಳಷ್ಟೂ ಪಶ್ಚಾತ್ತಾಪವಿರಲಿಲ್ಲ. ತನ್ನ ಕೂಗಿನಿಂದ ಊರಿನ ಮಾನ ಉಳಿಯಿತೆಂಬ ನಂಬಿಕೆಯೇ ಆತನ ಬಾಳಿನ ಆಸ್ತಿ.

ಈ ಆಸ್ತಿಗೆ ಒಬ್ಬನೇ ತಕರಾರುದಾರ. ಖಾಸಗಿ ಬಸ್ಸಿನ ಕಂಡಕ್ಟರ್, ಕೂಡ್ಲಿಗಿಯ ಎರ್ರೆಪ್ಪ. ಬಸ್ಸು ನಿಂತಾಗಲೆಲ್ಲ ಅಂಗಡಿಗೆ ಬಂದು, ಸೋಡಾ ಕುಡಿದು, "ನಿಮ್ಮ ಜೋಗಪ್ಪ ನಮ್ಮೂರಾಗ ಚಿತ್ ಆಗಿದ್ದು ನಾ ಕಣ್ಣಾರೆ ಕಂಡೀನಿ ಬಿಡಲೇ," ಎನ್ನುತ್ತಿದ್ದ. "ನಿನ್ ಕಣ್ಣಾಗ ಹೂವು ಬಿದ್ದೈತಿ," ಎಂದು ಏಕಾಂತಪ್ಪ ಉಸಿರಿನಲ್ಲೇ ಗರ್ಜಿಸುತ್ತಿದ್ದ. ವರ್ಷಗಟ್ಟಲೆ ನಡೆದ ಈ ಜಗಳದಲ್ಲಿ ಒಬ್ಬ ಸುಳ್ಳನಿರಲೇಬೇಕೆಂದು ಕೇಳುವವರ ಅನಿಸಿಕೆ. ಹಾಗಿರಲಿಲ್ಲ ಎಂಬುದೇ ಮುಂದಿನ ಅನರ್ಥ.

ಎಂಬತ್ತರ ದಶಕದ ನಡುವೆ ಊರೂರಿಗೆ ವಿಡಿಯೋ ಬಂದು ಡೇರೆಗಳು ಖಾಲಿ ಹೊಡೆಯತೊಡಗಿದಾಗ ಪಂಚಾಕ್ಷರಪ್ಪ ತಾನೂ ಟೀವಿಯ ವ್ಯಾಪಾರಕ್ಕೆ ಇಳಿದ. ದಾವಣಗೆರೆಯಿಂದ ಮದುವೆಯ ವಿಡಿಯೋ ತೆಗೆಯುವವನನ್ನು ಕರೆಸಿ ಕುಸ್ತಿಗಳನ್ನು ಕ್ಯಾಸೆಟ್ಟಿಗೆ ಹಿಡಿಸಿ, ಬಣ್ಣದ ಟೀವಿಯೊಂದನ್ನು ಜೀಪಿನಲ್ಲಿ ಹೊರಿಸಿ, ಟಿಕೀಟಿಟ್ಟು ತೋರಿಸುವುದು ಅವನ ಯೋಜನೆ. ಕೊಟ್ಟೂರಿನ ಪ್ರದರ್ಶನಕ್ಕೆ ಏಕಾಂತಪ್ಪ ತಾನೇ ಮುಂದೆ ನಿಂತು ಮಂಡಕ್ಕಿ ಗೋದಾಮನ್ನು ಗುಡಿಸಿ ಸಾರಿಸಿದ. ಎರ್ರೆಪ್ಪನಿಗೆ ಹೇಳಿಕಳಿಸಿ ಮುಂದಿನ ಸಾಲಿನಲ್ಲೇ ಜಾಗ ಮಾಡಿಟ್ಟ. "ಬಾಯಿ ಮಾತಿಗೆ ನೀ ಬಗ್ಗಂಗಿಲ್ಲ. ಟೀವಿ ಸುಳ್ಳು ಹೇಳ್ತೈತೇನು?" ಎಂದ. ಕುಸ್ತಿಯ ಕಣಕ್ಕೆ ಚಪ್ಪಲಿ ಮೆಟ್ಟಿ ಹೋಗಬಾರದೆಂಬ ನಿಯಮವನ್ನು ಟೀವಿಗೂ ಅನ್ವಯಿಸಿ, ಬಂದವರೆಲ್ಲರ ಚಪ್ಪಲಿಗಳನ್ನು ಬಾಗಿಲಾಚೆ ಬಿಡಿಸಿದ.

ಭಾನುವಾರ ಮಧ್ಯಾಹ್ನ. ಟೀವಿಯಲ್ಲಿ ಕೊಟ್ಟೂರಿನ ಕುಸ್ತಿ ಬಂತು, ವಯಸ್ಸಾಗಿದ್ದರೂ ಜೋಗಪ್ಪ ಗೆದ್ದ, ಗೋದಾಮು ಕೇಕೆಯಿಂದ ತುಂಬಿತು. ಯಂತ್ರ ನಡೆಸುತ್ತಿದ್ದ ಕಂಪನಿಯ ಮಾರಣ್ಣ ಎದ್ದು ಗುಂಡಿ ಒತ್ತಲು ಹೋದ. ಆ ಕೈಯನ್ನು ಹಿಡಿದು ತಡೆದವನು ಬೇರಾರೂ ಅಲ್ಲ, ನಮ್ಮ ಏಕಾಂತಪ್ಪನೇ. "ಯಾಕ್ರೀ ಬಂದ್ ಮಾಡ್ತೀರಿ? ರೀಲು ಇನ್ನಾ ಐತಲ್ಲ, ಓಡ್ಲಿ ಬಿಡ್ರಿ." ಮಾರಣ್ಣ, "ಬ್ಯಾಡ್ರೀ ಯಜಮಾನ್ರ, ಅದು ನಿಮ್ಮೂರಿಂದಲ್ಲ," ಎಂದು ಗೋಗರೆದ. ಕ್ಯಾಸೆಟ್ಟಿನ ಉಳಿತಾಯಕ್ಕೆಂದು ಎರಡು ಊರಿನ ಕುಸ್ತಿಗಳನ್ನು ಒಂದರಲ್ಲೇ ತುಂಬಿಸಿದ್ದ ಪಂಚಾಕ್ಷರಪ್ಪ, ಆಯಾ ಊರಿಗೆ ಆಯಾ ಊರಿನದನ್ನಷ್ಟೇ ತೋರಿಸಬೇಕೆಂದು ಕಟ್ಟಪ್ಪಣೆ ಮಾಡಿದ್ದ. ಯಾರು ಕೇಳಬೇಕು? ಏಕಾಂತಪ್ಪ ಆ ಕೈ ಬಿಡಲಿಲ್ಲ.

ಕೂಡ್ಲಿಗಿಯ ಕಣ ಮೂಡಿತು. ಅದೇ ಇಬ್ಬರು ಪೈಲ್ವಾನರು. ಈ ಸಲ ಮಣ್ಣೆರಚಿದವನು ಜೋಗಪ್ಪ. ಬೊಮ್ಮಪ್ಪ ತಡಕಾಡಿ ಹಗ್ಗ ಹಿಡಿದ. ಕೈ ಜಾರಿ ಮಂಡಿಯೂರಿದ. ಗೋದಾಮಿನಲ್ಲಿ ಕೇಕೆ ಅಡಗಿತು. ಅಲ್ಲಿದ್ದ ಪ್ರತಿಯೊಬ್ಬನಿಗೂ ಮುಂದಿನದು ಬಾಯಿಪಾಠವಾಗಿತ್ತು, ಸೋಡಾ ಅಂಗಡಿಯ ಮುಂದೆ ನಿಂತು ನೂರು ಸಲ ಕೇಳಿದ ಕಥೆಯೇ ತಾನೆ! ಬೊಮ್ಮಪ್ಪನ ಎಡಗೈ ಮೆಲ್ಲಗೆ ಮೇಲೆದ್ದು ಕಿವಿಗೆ ಹೋಯಿತು. ಅವನು ಕೂಡ್ಲಿಗಿಯ ಜನರತ್ತ ಓರೆಯಾದ, ಕೂಡ್ಲಿಗಿ ಕೂಗಿತು, ಅವನೆದ್ದ. ಜೋಗಪ್ಪನನ್ನು ಹೆಗಲಿಗೆತ್ತಿ ಒಂದು ಸುತ್ತು ತಿರುಗಿಸಿದ.

ಏಕಾಂತಪ್ಪ ಬರಿಗಾಲಲ್ಲಿ ಎದ್ದು ನಿಂತಿದ್ದ. "ಏಳೋ" ಎಂದು ಕೂಗಲು ಬಾಯಿ ತೆರೆದ. ಕತ್ತಿನ ನರಗಳು ಉಬ್ಬಿದವು, ಬರೇ ಗಾಳಿ ಬಂತು. ಜೋಗಪ್ಪನ ಬೆನ್ನು ನೆಲಕ್ಕೆ ಹತ್ತಿತು. ಸೋಲನ್ನಾದರೂ ಮನುಷ್ಯ ತಡೆದುಕೊಂಡಾನು; ತನ್ನ ಜನ್ಮದ ಒಂದೇ ಒಂದು ಪವಿತ್ರ ಗಳಿಗೆ ಊರೂರಿಗೆ ಬಾಡಿಗೆಗೆ ಹೋಗುತ್ತಿತ್ತೆಂಬುದನ್ನು ಹೇಗೆ ತಡೆದುಕೊಳ್ಳಬೇಕು? ಹಂಗಿಸಬೇಕಾಗಿದ್ದ ಎರ್ರೆಪ್ಪನ ಮುಖವೂ ಬಿಳುಚಿಕೊಂಡಿತ್ತು. ಕೊಟ್ಟೂರಿನ ಗೆಲುವು ಕಟ್ಟಿದ್ದಾದರೆ ಕೂಡ್ಲಿಗಿಯದೂ ಕಟ್ಟಿದ್ದೇ ಎಂದು ಅವನಿಗೆ ಹೊಳೆದಿತ್ತು. ಇಬ್ಬರೂ ಇಷ್ಟು ವರ್ಷ ಕಂಡದ್ದನ್ನೇ ಹೇಳುತ್ತಿದ್ದರು, ಯಾವ ಊರಿನಲ್ಲಿ ಡೇರೆಯೋ ಆ ಊರಿನವನದೇ ಗೆಲುವೆಂಬುದು ಕಂಪನಿಯ ಪದ್ಧತಿ.

ಮನೆಗೆ ಬಂದ ಏಕಾಂತಪ್ಪ ಕೋಟು ಕಳಚಿ, "ಹೊಲಿ," ಎಂದು ಭರಮಮ್ಮನ ಮುಂದಿಟ್ಟ. ಆಡಿಕೊಳ್ಳಲು ವರ್ಷಗಳಿಂದ ಕಾದಿದ್ದ ಆಕೆ ಸೂಜಿಗೆ ದಾರ ಪೋಣಿಸಿಕೊಂಡು ಬಹಳ ಹೊತ್ತು ಕೂತು, ಹೊಲಿಯದೆ ಹಾಗೇ ಮಡಚಿಟ್ಟಳು.

ಸುದ್ದಿ ಐದೂ ಊರಿಗೆ ಹಬ್ಬಿ ಕಂಪನಿ ಮುಚ್ಚಿತು. ವಿಚಿತ್ರವೆಂದರೆ ಅಂಗಡಿಯ ಮುಂದಿನ ಮಾತು ಮುಚ್ಚಲಿಲ್ಲ. ಜಗಳ ಹೋಗಿ ಅದರ ಜಾಗದಲ್ಲಿ ಶೋಕದಂಥದ್ದೊಂದು ಬಂದು ಕೂತಿತು. "ಟೀವಿ ತಂದಿದ್ದೇ ತಪ್ಪಾತು ನೋಡು. ಡೇರೆದಾಗ ಇದ್ದಿದ್ರ ಇನ್ನಾ ನಡೀತಿತ್ತು," ಎಂದು ಎರ್ರೆಪ್ಪ. "ಊರಿಗೊಂದು ಕ್ಯಾಸೆಟ್ ಮಾಡಬೇಕಾಗಿತ್ತು ಪಂಚಾಕ್ಷರಪ್ಪ. ಎಲ್ಲಾ ಬಿಟ್ಟು ರೀಲಿನ್ಯಾಗ ಉಳಸಾಕ ಹೋದ," ಎಂದು ಏಕಾಂತಪ್ಪ.

ಒಂದು ಮಧ್ಯಾಹ್ನ ಜೋಗಪ್ಪನೇ ಬಂದ. ಕಂಪನಿ ಮುಚ್ಚಿದ ಮೇಲೆ ಹತ್ತಿಯ ಮೂಟೆ ಹೊರುತ್ತಿದ್ದ, ಹೆಗಲ ಮೇಲೆ ಹತ್ತಿಯ ಧೂಳು. ಬೆಂಚಿನ ಮೇಲೆ ಕೂತು ತಲೆ ತಗ್ಗಿಸಿದ. ಏಕಾಂತಪ್ಪ ಸೋಡಾ ಒಡೆದು ಕೊಟ್ಟು ಕೇಳಿದ್ದು ಒಂದೇ ಮಾತು. "ಎಲ್ಲಾ ಸುಳ್ಳೇ ಇರ್ಲಿ ತಮ್ಮಾ. ಅವತ್ತ ನನ್ನ ಕೂಗರ ಕೇಳಿತ್ತಿಲ್ಲೋ?"

ಜೋಗಪ್ಪ ಹೌದೆಂದುಬಿಡಬಹುದಿತ್ತು. ಸುಳ್ಳಿನಲ್ಲೇ ಅನ್ನ ಉಂಡವನಿಗೆ ಇನ್ನೊಂದು ಭಾರವೇ? ಆದರೆ ಅವನಿಗೂ ಸಾಕಾಗಿತ್ತೋ ಏನೋ. "ಆ ಗದ್ದಲದಾಗ ಏನೂ ಕೇಳಸ್ತಿದ್ದಿಲ್ಲಣ್ಣ. ಬೊಮ್ಮಪ್ಪ ಮೈಮ್ಯಾಲ ಬಗ್ಗಿ ಮೆಲ್ಲಕ 'ಏಳಿನ್ನ' ಅಂತಿದ್ದ. ಏಳತಿದ್ದೆ," ಎಂದ.

ಏಕಾಂತಪ್ಪನ ಕೈಯಲ್ಲಿದ್ದ ಸೋಡಾದ ಗೋಲಿ ಒತ್ತುವ ಕಟ್ಟಿಗೆ ನೆಲಕ್ಕೆ ಬಿತ್ತು. ಆತ ಅದನ್ನು ಎತ್ತಿಕೊಳ್ಳಲಿಲ್ಲ. "ನನ್ ಬೆನ್ನು ನೆಲಕ್ಕ ಹತ್ತಿತು ನೋಡು," ಎಂದಷ್ಟೇ ಅಂದು ಒಳಗೆ ಹೋದ.

ಇಲ್ಲಿಗೆ ಮುಗಿಯಿತೆಂದು ಯಾರಾದರೂ ತಿಳಿಯಬೇಕು. ಆದರೆ ಮುಂದಿನ ವಾರ ಎರ್ರೆಪ್ಪನ ಬಸ್ಸು ಬಂದು ನಿಂತಾಗ ಹರಿದ ಕೋಟು ಮತ್ತೆ ಏಕಾಂತಪ್ಪನ ಮೈಮೇಲಿತ್ತು. ಅದೇ ಸೋರುವ ಧ್ವನಿಯಲ್ಲಿ ಮಣ್ಣಿನಿಂದ ಮಂಡಿಯವರೆಗೆ ಅದೇ ಕಥೆ. ಕಿವಿಗೆ ಕೈ ಬಂದಲ್ಲಿ ಮಾತ್ರ ಆತ ನಿಂತ. ಕಣ್ಣು ತುಂಬಿ ಬಂತು. "ಎರ್ರೆಪ್ಪ, ಬಿದ್ದವ್ನಿಗೆ ಎದುರಾಳೀನ 'ಏಳಿನ್ನ' ಅಂದ್ನಂತ! ಎಂಥಾ ಮಂದಿ ನೋಡ್ಲೇ! ಇಂಥಾ ಕುಸ್ತಿ ಎಲ್ಲ್ಯರ ಕಂಡೀಯೇನು?"

ಇಂಥವರನ್ನು ಮರುಳರೆಂದು ನಗುವುದು ಸುಲಭ. ಆದರೆ ಜಗತ್ತಿನ ಡೇರೆಗಳೆಲ್ಲ ನಿಂತಿರುವುದು ಇವರ ಉಸಿರಿನ ಮೇಲೆಯೇ; ಕಣದಲ್ಲಿ ಬಿದ್ದವರು ಸುಳ್ಳು ಸುಳ್ಳೇ ಬಿದ್ದು ಎದ್ದು ಹೋಗುತ್ತಾರೆ, ಹೊರಗೆ ನಿಂತು ಕೂಗಿದವನೊಬ್ಬನಿಗೆ ಮಾತ್ರ ನಿಜವಾಗಿ ಗಾಯವಾಗಿರುತ್ತದೆ. ಮೋಸ ತಿಳಿದ ಮೇಲಾದರೂ ಅವರು ತಮ್ಮ ಪ್ರೀತಿಯನ್ನು ಹಿಂದಕ್ಕೆ ಪಡೆಯಬಾರದೇ ಎಂದು ನಮಗೆ ಅನ್ನಿಸುತ್ತದೆ. ಕೊಟ್ಟದ್ದನ್ನು ವಾಪಸು ಕೇಳಲು ಅಂಥವರಲ್ಲಿ ಧ್ವನಿ ಉಳಿದಿರುವುದಿಲ್ಲ.