ಮುಟ್ಟದೆ ಬಿಟ್ಟ ಡಬ್ಬಿ

"ಬ್ಯಾಗ ಪೂರಾ ಸುರುವು," ಎಂದಳು ಪೂರ್ವಾ.

ಸುಮಯ್ಯಾ ಹಿಂಜರಿದಳು. "ಮ್ಯಾಲಿಂದ ನೋಡಲೇ, ಸಾಕು. ನಮ್ಮವೆಲ್ಲಾ ಟೇಬಲ್ ಮ್ಯಾಲ ಇಟ್ಟೇವಿ."

"ಹೇಳಿದ್ದು ನಂಬಾಕ ಬಂದಿಲ್ಲ ನಾ. ತಪಾಸಣಿ ಮಾಡಾಕ ಬಂದೇನಿ."

ವಿಜಯಪುರದ ಆ ಕಾಲೇಜಿನ ರಾಜ್ಯಶಾಸ್ತ್ರದ ತರಗತಿ ಅಂದು ಎರಡು ವೈರಿ ದೇಶಗಳಾಗಿ ಒಡೆದಿತ್ತು. ರೂಪಾಲಿ ಮೇಡಂ ಕೆಂಪು ಕಾಗದ ಸುತ್ತಿದ ಬೆಂಕಿಪೊಟ್ಟಣಗಳನ್ನು ಎರಡೂ ಕಡೆಗೆ ಹಂಚಿದ್ದರು, ಅವೇ ಅಣುಬಾಂಬು. ಯಾರ ಬಳಿ ಎಷ್ಟಿವೆ ಎಂಬುದು ಅವರವರಿಗೇ ಗೊತ್ತು. ಒಪ್ಪಂದದಂತೆ ಎಲ್ಲವನ್ನೂ ಮೇಜಿನ ಮೇಲೆ ತಂದಿಡಬೇಕು, ಆಮೇಲೆ ಇಬ್ಬರು ಮುಖಂಡರೂ ಪರಸ್ಪರ ತಪಾಸಣೆ ನಡೆಸಬೇಕು. ಚೆನ್ನಾಗಿ ನಡೆಸಿದವರು ಧಾರವಾಡದ ವಿದ್ಯಾರ್ಥಿ ಸಮ್ಮೇಳನಕ್ಕೆ ಹೋಗುವವರು, ಒಬ್ಬರೇ. ಪೂರ್ವಾಳಿಗೂ ಹೋಗಬೇಕಿತ್ತು, ಸುಮಯ್ಯಾಳಿಗೂ. ಟಿಕೋಟಾದ ಶಾಲೆಯಿಂದಲೂ ಒಂದೇ ಬೆಂಚಿನ ಗೆಳತಿಯರು ಈಗ ಎರಡು ಕಡೆಯ ಮುಖಂಡರಾಗಿ ಎದುರುಬದುರು ನಿಂತಿದ್ದರು.

ಸುಮಯ್ಯಾ ಬ್ಯಾಗನ್ನು ಬೋರಲು ಹಾಕಿದಳು. ಪುಸ್ತಕ, ಬಾಚಣಿಕೆ, ಬಸ್ ಪಾಸು, ಹಳೆಯ ಪೇಪರು ಸುತ್ತಿದ ಒಂದು ಪೊಟ್ಟಣ. ಅದನ್ನಾದರೂ ಬಿಡಬಾರದಿತ್ತೇ? ಪೂರ್ವಾ ಎಲ್ಲರೆದುರು ಬಿಚ್ಚಿಯೇಬಿಟ್ಟಳು. ಪ್ಯಾಡು! ಹಿಂದಿನ ಬೆಂಚಿನ ಹುಡುಗರು ಕಿಸಕ್ಕನೆ ನಕ್ಕರು. ಸುಮಯ್ಯಾಳ ಕಿವಿ ಕೆಂಪಗಾದವು. ತಪ್ಪಾಯಿತು ಎನ್ನುವ ಮಾತು ಪೂರ್ವಾಳ ನಾಲಿಗೆಯ ತುದಿಗೆ ಬಂದು ಅಲ್ಲೇ ಕೂತಿತು. ಬಾಂಬಂತೂ ಸಿಗಲಿಲ್ಲ.

ಮುಂದಿನದು ಸುಮಯ್ಯಾಳ ಸರದಿ. ಪೂರ್ವಾಳ ಪುಸ್ತಕ, ಛತ್ರಿ, ಪರ್ಸು ಎಲ್ಲ ನೋಡಿ, ಕೊನೆಗೆ ಸ್ಟೀಲಿನ ಡಬ್ಬಿಯತ್ತ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡಳು.

"ಇದನ್ನ ಮುಟ್ಟಂಗಿಲ್ರಿ ಮೇಡಂ. ಶ್ರಾವಣ ಸೋಮವಾರ, ಆಕೀದು ಉಪವಾಸ ಇರ್ತೈತ್ರಿ. ನಾ ಮುಟ್ಟಿದ್ದು ಆಕಿ ಅಜ್ಜಿಗೆ ನಡ್ಯಂಗಿಲ್ಲ." ಪೂರ್ವಾಳ ಕಡೆ ತಿರುಗಿದಳು. "ನೀನ ಹೇಳಲೇ. ಇದರಾಗ ಏನರೆ ಐತೇನು?"

ಇತ್ತು. ಉಪವಾಸಕ್ಕೆ ನಡೆಯುವ ಸಾಬೂದಾಣಿ ಖಿಚಡಿಯ ಮೇಲಿನ ತಟ್ಟೆಯಲ್ಲಿ ಒಂದು ಕೆಂಪು ಪೊಟ್ಟಣ ಕೂತಿತ್ತು. ಎದುರಿನವರೂ ಒಂದನ್ನು ಬಚ್ಚಿಟ್ಟಿರುತ್ತಾರೆ, ನಾವ್ಯಾಕೆ ಬರಿಗೈಯಲ್ಲಿರಬೇಕು ಎಂಬುದು ಪೂರ್ವಾಳ ವಿಚಾರ. ಸೋಮವಾರದ ಡಬ್ಬಿಯನ್ನು ಸುಮಯ್ಯಾ ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಮುಟ್ಟಿದವಳಲ್ಲ. ಅದು ಗೊತ್ತಿದ್ದೇ ಅಲ್ಲಿಟ್ಟಿದ್ದಳು.

"ಇಲ್ಲ," ಎಂದಳು ಪೂರ್ವಾ.

"ಮುಗೀತ್ರಿ ಮೇಡಂ."

ರೂಪಾಲಿ ಮೇಡಂ ತಲೆಯಾಡಿಸಿದರು. "ಇಲ್ಲೇ ತಪ್ಪಿದಿ ನೋಡವಾ ಸುಮಯ್ಯಾ. ಗೆಳತಿ ಅಂತ ಮಾತಿನ ಮ್ಯಾಲ ಬಿಟ್ರ ಅದು ತಪಾಸಣಿ ಹೆಂಗಾಗ್ತದ? ದೇಶದೇಶದ ನಡುವ ಹಿಂಗ ಮಾಡಿದ್ರ ಊರಿಗೆ ಊರ ಸುಟ್ಟುಹೋಗ್ತಾವ. ಪೂರ್ವಾ ಒಂದೂ ಬಿಡಲಿಲ್ಲ. ಧಾರವಾಡಕ್ಕ ಪೂರ್ವಾ ಹೋಗ್ಲಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ಸುಮಯ್ಯಾಳೂ ತಟ್ಟಿದಳು. ಪೂರ್ವಾ ತಲೆ ಎತ್ತಲಿಲ್ಲ.

ಮಧ್ಯಾಹ್ನ ಹುಡುಗಿಯರೆಲ್ಲ ಒಟ್ಟಿಗೆ ಊಟಕ್ಕೆ ಕೂತರು. ಬಿಚ್ಚುವುದಾದರೂ ಹೇಗೆ ಆ ಡಬ್ಬಿಯನ್ನು? ಹೊಟ್ಟೆ ನೋಯುತ್ತಿದೆ ಎಂದಳು ಪೂರ್ವಾ. ಸುಮಯ್ಯಾಳ ಗುಂಪಿನ ಶಾಹಿಸ್ತಾಳಿಗೆ ಅದು ಸರಿಬರಲಿಲ್ಲ. "ನೋಡ, ಡಬ್ಬೀನ ಬಿಚ್ಚವಲ್ಲಳು. ಆವಾಗ ನೋಡಬೇಕಿತ್ತು ನೀ."

"ಹೊಟ್ಟಿ ನೋಯಾಕತ್ತೈತಿ ಅಂದಿಲ್ಲೇನು ಆಕಿ?" ಸುಮಯ್ಯಾ ಸಿಡುಕಿದಳು. "ಸುಮ್ನ ಉಣ್ಣು."

ಸಂಜೆ ಟಿಕೋಟಾ ಬಸ್ಸು ತುಂಬಿ ತುಳುಕುತ್ತಿತ್ತು. ಸುಮಯ್ಯಾ ಕಿಟಕಿಯಿಂದ ಕರವಸ್ತ್ರ ಒಗೆದು ಎರಡು ಸೀಟು ಹಿಡಿದಿದ್ದಳು. ಪೂರ್ವಾ ಕೂತ ಕೂಡಲೇ ಸುಮಯ್ಯಾ ಅವಳ ಕೈಗೆ ಎರಡು ಬಾಳೆಹಣ್ಣು ಇಟ್ಟಳು.

"ಸಿಪ್ಪಿ ಸುಲದಿಲ್ಲ. ನಿನಗ ನಡೀತೈತಿ. ಮುಂಜಾನಿಂದ ಹಸಕೊಂಡಿ, ತಿನ್ನು."

ಥೂ, ಎಂಥ ಕೆಲಸ ಮಾಡಿದೆ! ಪೂರ್ವಾಳಿಗೆ ನಾಚಿಕೆಯಿಂದ ಮೈ ಹಿಡಿಯಾಯಿತು. "ನಾ ಧಾರವಾಡಕ್ಕ ಹೋಗಂಗಿಲ್ಲ. ನಾಳೆ ಮೇಡಂಗ ಹೇಳ್ತೇನಿ. ಆ ಡಬ್ಬ್ಯಾಗ..."

"ಗೊತ್ತೈತಿ," ಎಂದಳು ಸುಮಯ್ಯಾ, ಕಿಟಕಿಯಾಚೆ ನೋಡುತ್ತ. "ಉಪವಾಸದಾಕಿ ಹಸದಿದ್ರೂ ಖಿಚಡಿ ಡಬ್ಬಿ ಬಿಚ್ಚಲಿಲ್ಲಲ್ಲ, ಆವಾಗ ತಿಳೀತು."

"ಮತ್ತ ಶಾಹಿಸ್ತಾಗ ಯಾಕ ಹಂಗಂದಿ?"

"ಎಲ್ಲಾರ ಮುಂದ ನಿನ್ನ ಡಬ್ಬಿ ಬಿಚ್ಚಿಸಬೇಕಿತ್ತೇನು, ನೀ ನನ್ನ ಪೊಟ್ಟಣ ಬಿಚ್ಚಿದಂಗ?" ಎಂದಳು ಸುಮಯ್ಯಾ. ಬಸ್ಸು ಅಥಣಿ ರಸ್ತೆಗೆ ತಿರುಗಿ ಓಟ ಹಿಡಿಯಿತು. ಗಾಳಿಗೆ ಅವಳ ಓಢಣಿಯ ಸೆರಗು ಹಾರಿ ಪೂರ್ವಾಳ ಭುಜದ ಮೇಲೆ ಬಿತ್ತು. ಸುಮಯ್ಯಾ ಅದನ್ನು ಮೆಲ್ಲಗೆ ಎಳೆದುಕೊಂಡು ತನ್ನ ಮಡಿಲಲ್ಲಿ ಒತ್ತಿ ಹಿಡಿದಳು.