ಹೇಳಿ ಏಳುವ ಬೆಂಚು

ನಾನು ಒಂದು ಬೆಂಚು. ಗದಗಿನಲ್ಲಿ ಪ್ರೆಸ್ಸುಗಳ ಓಣಿಯ ಮೂಲೆಗೆ ಬಸಲಿಂಗವ್ವನ ಮಿರ್ಚಿ ಹೋಟೆಲಿದೆ, ಅಲ್ಲಿ ನನ್ನ ವಾಸ. ಹುಟ್ಟಿದ ದಿನವೇ ಒಬ್ಬನನ್ನು ನೆಲಕ್ಕೆ ಕೆಡವಿದ ಕೀರ್ತಿ ನನ್ನದು.

ನನ್ನನ್ನು ಮಾಡಿದವನು ಕಾಳಪ್ಪ ಬಡಿಗೇರ. ಹಳೆಯ ಬಾಗಿಲಿನ ತೇಗದ ಹಲಗೆ ತಂದು, ಬಲಗೈಯಲ್ಲಿ ಮಿರ್ಚಿ ತಿನ್ನುತ್ತ, ಎಡಗೈಯ ಗೇಣಿನಿಂದ ಅಳತೆ ಹಾಕಿದ. ಮಿರ್ಚಿ ಖಾರವಿತ್ತು, ಅಳತೆ ತಪ್ಪಿತು. ತುದಿಗಿರಬೇಕಾದ ಕಾಲುಗಳು ಎರಡೆರಡು ಗೇಣು ಒಳಗೆ ಕೂತವು. ಹೀಗಾಗಿ ಒಂದು ತುದಿಯವನು ಎದ್ದನೆಂದರೆ ಇನ್ನೊಂದು ತುದಿಯವನು ನೆಲ ಕಾಣಬೇಕು. ಮೊದಲು ಕಂಡವನು ಕಾಳಪ್ಪನೇ.

"ಕಾಲು ಕಿತ್ತು ಮತ್ತ ಜೋಡಸ್ತೀನಿ ತಂಗಿ," ಎಂದ, ಉಳ್ಳಾಗಡ್ಡಿ ಬುಟ್ಟಿಯೊಳಗೆ ಕೂತುಕೊಂಡೇ.

"ಇರಲಿ ಬಿಡಣ್ಣಾ. ಏಳಾವ್ರು ಹೇಳಿ ಏಳ್ಲಿ. ಬಾಯಿಗೇನ್ ಬಾಡಿಗಿ ಕೊಡಬೇಕಾ?" ಎಂದಳು ಬಸಲಿಂಗವ್ವ, ಸೆರಗು ಬಾಯಿಗಿಟ್ಟು ನಗುತ್ತ.

ಅಂದಿನಿಂದ ಅದೇ ಪದ್ಧತಿ. ಏಳುವವನು "ಎದ್ದೆನ್ರಿ" ಅನ್ನಬೇಕು. ಕೂತವನು "ಹೂಂ ಏಳ್ರಿ" ಎಂದು ನಡುವಿಗೆ ಸರಿಯಬೇಕು. ಬಾಯಿ ತೆರೆದ ಮೇಲೆ ಅಷ್ಟಕ್ಕೇ ನಿಲ್ಲುತ್ತದೆಯೇ? ಊರು, ಬೀಗರು, ಮಂಡಿನೋವು ಎಲ್ಲ ಬರುತ್ತಿತ್ತು. ಒಮ್ಮೆ ಒಬ್ಬ ಪೈಲ್ವಾನ ಧಪ್ಪನೆ ಕೂತ ಹೊಡೆತಕ್ಕೆ ಆಚೆ ತುದಿಯ ಸಣಕಲು ಮಾಸ್ತರರು ಮೇಲೆ ಹಾರಿ, ಅಟ್ಟದ ಸಕ್ಕರೆ ಡಬ್ಬಿ ಹಿಡಿದುಕೊಂಡೇ ಇಳಿದರು. ಚಹಾಕ್ಕೆ ಸಕ್ಕರೆ ಕಡಿಮೆಯಾಗಿತ್ತಂತೆ. ಹೋಟೆಲಿನ ಬೋರ್ಡಿನಲ್ಲಿ ಯಾವುದೋ ದೇವರ ಹೆಸರಿತ್ತು. ಅದನ್ನು ಓದಿದವರಿಲ್ಲ. ಜನರ ಬಾಯಲ್ಲಿ ಅದು 'ಎದ್ದೆನ್ರಿ ಹೋಟ್ಲ'.

ಬಸಲಿಂಗವ್ವನ ಮಗ ತೋಂಟೇಶ. ಅವನನ್ನು ನೋಡಲು ನರಗುಂದದಿಂದ ಹೆಣ್ಣಿನ ತಂದೆ ಬಂದರು. ಇಬ್ಬರೂ ನನ್ನ ಎರಡು ತುದಿಗೆ ಕೂತರು. ಒಳಗಿನಿಂದ ತಾಯಿ ಕರೆದಳು. ನಾಚಿಕೆಯಿಂದ ಬಾಯಿ ಕಟ್ಟಿದ ತೋಂಟೇಶ ಹೇಳದೆ ಎದ್ದುಬಿಟ್ಟ. ತಡೆಯಲು ನಾನು ಉಸಿರು ಬಿಗಿಹಿಡಿದೆ, ಆಗಲಿಲ್ಲ. ಬೀಗರಾಗಬೇಕಾದವರು ಚಟ್ನಿ ಪಾತೇಲಿಯಲ್ಲಿ ಮೊಣಕೈ ಊರಿ ಬಿದ್ದರು.

"ಬೆಂಚ ಸೈತ ನೆಟ್ಟಗಿಲ್ಲದ ಮನಿಗೆ ಮಗಳ್ನ ಹೆಂಗ ಕೊಡೂದ್ರಿ?" ಎಂದು ತೋಳು ಒರೆಸಿಕೊಂಡು ಹೋದರು. ಸಂಬಂಧ ಮುರಿಯಿತು.

ಅದೇ ವಾರ ತೋಂಟೇಶ ತರಿಸಿದ ಹನ್ನೆರಡು ಕೆಂಪು ಕುರ್ಚಿ, ನಾಲ್ಕು ಗಾಜಿನ ಟೇಬಲ್ಲು ಬಂದವು. ಬೈಪಾಸಿನ ಹೋಟೆಲುಗಳಲ್ಲೆಲ್ಲ ಅಂಥವೇ ಇದ್ದವು. ನಾನು ಹಿತ್ತಿಲ ಕೋಣೆಯಲ್ಲಿ ಉಳ್ಳಾಗಡ್ಡಿ ಚೀಲ ಹೊತ್ತು ನಿಂತೆ. ತಾಯಿ ಮಗನ ನಡುವೆ ಮಾತು ತೀರ ಅಗತ್ಯದಷ್ಟಕ್ಕೆ ಇಳಿಯಿತು.

ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಅದೇ ಮಿರ್ಚಿ, ಅದೇ ಕೈ. ಆದರೆ ಬಂದವರು ಒಂದೊಂದು ಕುರ್ಚಿಯಲ್ಲಿ ಒಬ್ಬೊಬ್ಬರೇ ಕೂತು, ಫೋನು ನೋಡುತ್ತ ತಿಂದು, ಸುಮ್ಮನೆ ಎದ್ದು ಹೋಗುತ್ತಿದ್ದರು. ಮರುವರ್ಷದ ದಸರೆಯ ಹೊತ್ತಿಗೆ ಅರ್ಧ ಕುರ್ಚಿ ಖಾಲಿ.

"ದೀಪಾವಳಿ ಆದಮ್ಯಾಲ ಬಾಗ್ಲಾ ಹಾಕೂಣವ್ವಾ. ಮೊಬೈಲ್ ಅಂಗಡ್ಯಾವ್ರು ಜಾಗ ಕೇಳಾಕತ್ತಾರ," ಎಂದ ತೋಂಟೇಶ. ಬಸಲಿಂಗವ್ವ ಹಿತ್ತಿಲಿಗೆ ಬಂದು, ನನ್ನ ಮೇಲಿನ ಚೀಲಕ್ಕೆ ಒರಗಿ ನಿಂತಳು.

ಮರುದಿನ ಸೊಲ್ಲಾಪುರದ ಕಾಗದದ ವ್ಯಾಪಾರಿಯೊಬ್ಬ ಬಾಗಿಲಲ್ಲಿ ನಿಂತು ಒಳಗೆಲ್ಲ ಕಣ್ಣಾಡಿಸಿದ. ಬಾಣಲೆ ಮುಂದಿದ್ದ ಬಸಲಿಂಗವ್ವನನ್ನೇ ಕೇಳಿದ: "ಯವ್ವಾ, ಇಲ್ಲೆ ಎದ್ದೆನ್ರಿ ಹೋಟ್ಲ ಇತ್ತಲ್ಲ, ಮುಚ್ಚಿದ್ರೇನು?"

'ಇದೇ' ಅನ್ನಲು ಅವಳಿಗೆ ಬಾಯಿ ಬರಲಿಲ್ಲ. ಅವನು ಹೋದ. ಅವಳು ಆಪರೇಶನ್ ಆದ ಮಂಡಿಯನ್ನೂ ಲೆಕ್ಕಿಸದೆ ಬಂದು ಚೀಲ ಕೆಡವಿ, ನನ್ನನ್ನು ದರದರ ಎಳೆದು ಹೊರಗೆ ತಂದಳು.

"ಬೆಂಚ ಹಾಕೂಣು. ಆದ್ರ ಕಾಲು ಸರಿ ಮಾಡ್ಸೇ ಹಾಕೂದು," ಎಂದ ಮಗ. ಕಾಳಪ್ಪನನ್ನು ಕರೆಸಿಯೇಬಿಟ್ಟ.

ಕಾಳಪ್ಪನ ತಲೆ ಬೆಳ್ಳಗಾಗಿತ್ತು. "ಮೂವತ್ತ ವರ್ಷ ಓಣಿ ಮಂದಿ ನನ್ನ ಆಡ್ಕೊಂಡಾರ. ಇವತ್ತಿಗೆ ಮುಗೀಲಿ," ಎಂದು ನನ್ನನ್ನು ಮಗುಚಿ, ಕಾಲಿಗೆ ಗರಗಸ ಹಚ್ಚಿದ. ಒಂದು ಎಳೆತ. ಹಳದಿ ಪುಡಿ ಉದುರಿತು. ಎರಡನೆಯ ಎಳೆತಕ್ಕೆ ನನ್ನ ಮೈಯೆಲ್ಲ ಗದಗುಟ್ಟಿತು.

"ಒಂದ ನಿಮಿಷ ಅಣ್ಣಾ," ಎಂದಳು ಬಸಲಿಂಗವ್ವ. ಎಣ್ಣೆಯಲ್ಲಿ ಮಿರ್ಚಿ ಬಿಟ್ಟು ಹಾಗೇ ಬಂದಳು. ನನ್ನನ್ನು ನೆಟ್ಟಗೆ ನಿಲ್ಲಿಸಿ ಒಂದು ತುದಿಗೆ ಕೂತಳು. "ತೋಂಟೇಶಾ, ಆ ತುದೀಗೆ ಕೂಡು."

ಅವನು ಕೂತ.

"ಇನ್ನ ಏಳು."

ಅವನು ಅರ್ಧ ಎದ್ದ. ಅವಳ ತುದಿ ಕುಸಿಯಿತು, ಕಾಲು ಜಾರಿತು. ಅವನು ಗಾಬರಿಯಾಗಿ ಮತ್ತೆ ಕೂತ.

"ನಿನ್ನ ಮಣಕಾಲ ಆಪರೇಶನ್ ಆಗಿ ಮೂರ ತಿಂಗಳಾಗಿಲ್ಲ. ಏನವ್ವಾ ಇದು ಹುಡುಗಾಟ?"

"ಹಂಗಾರ ಹೇಳಿ ಏಳು."

ಅವನು ಹಲ್ಲು ಕಚ್ಚಿದ. ಬಾಣಲೆಯಲ್ಲಿ ಮಿರ್ಚಿ ಕೆಂಪಾಯಿತು, ಕಪ್ಪಾಯಿತು. ಹೊಗೆ ಎದ್ದಿತು. ಕಾಳಪ್ಪ ಒಲೆಯತ್ತ ಹೆಜ್ಜೆ ಇಟ್ಟ.

"ಅಣ್ಣಾ, ನೀ ನಿಂತಲ್ಲೇ ನಿಂದ್ರು," ಎಂದಳು, ಮಗನ ಮುಖದಿಂದ ಕಣ್ಣು ತೆಗೆಯದೆ.

ಹೊಗೆ ಅಟ್ಟ ಮುಟ್ಟಿತು. ಗರಗಸ ತಿಂದ ಕಾಲು ಚುರುಗುಡುತ್ತಿತ್ತು. ಈಗ ಲಟಕ್ಕೆಂದರೆ ಇಬ್ಬರೂ ನೆಲಕ್ಕೆ. ನಾನು ಗಟ್ಟಿಯಾಗಿ ನಿಂತೆ.

"ಅವತ್ತ ತಪ್ಪು ಬೆಂಚಿಂದಲ್ಲವ್ವಾ," ಎಂದ ಕೊನೆಗೆ, ನೆಲ ನೋಡುತ್ತ. "ನಾ ಹೇಳ್ಲಿಲ್ಲ."

ಅವನು ತಲೆ ಎತ್ತಿ ಅವಳನ್ನು ನೋಡಿದ.

"ಎದ್ದೆನ್ರಿ."

"ಹೂಂ, ಏಳಪ್ಪಾ," ಎಂದು ಬಸಲಿಂಗವ್ವ ನಡುವಿಗೆ ಸರಿದಳು. ಅವನು ಓಡಿ ಒಲೆ ಆರಿಸಿದ. ಒಂದೂವರೆ ವರ್ಷದಲ್ಲಿ ಆ ಹೋಟೆಲಿನಲ್ಲಿ ಒಬ್ಬರು ಇನ್ನೊಬ್ಬರಿಗೆ ಹೇಳಿ ಎದ್ದದ್ದು ಅದೇ ಮೊದಲು.

ಕಾಳಪ್ಪ ಗರಗಸವನ್ನು ಚೀಲಕ್ಕೆ ಹಾಕಿದ. "ಇಷ್ಟ ಉಪಯೋಗ ಇದ್ದ ತಪ್ಪು ನನ್ನ ಜನ್ಮದಾಗ ಇದೊಂದ ಐತಿ. ಇರ್ಲಿ ಬಿಡ್ರಿ," ಎಂದು ಕಾಲಿನ ಗಾಯಕ್ಕೆ ಒಂದು ಕಬ್ಬಿಣದ ಪಟ್ಟಿ ಬಡಿದ.

ದೀಪಾವಳಿ ಬಂತು, ಹೋಯಿತು. ಬಾಗಿಲು ಹಾಕಲಿಲ್ಲ. ತೋಂಟೇಶ ನನ್ನಂಥದೇ ಇನ್ನೆರಡು ಬೆಂಚು ಮಾಡಿಸಿದ, ಅದೇ ತಪ್ಪು ಅಳತೆಗೆ. ಸೊಂಟ ನೋವಿನವರಿಗೆಂದು ನಾಲ್ಕು ಕೆಂಪು ಕುರ್ಚಿ ಉಳಿದವು. ಹಳೆಯ ಬೋರ್ಡಿನ ದೇವರ ಹೆಸರಿನ ಕೆಳಗೆ 'ಹೇಳಿ ಏಳ್ರಿ' ಎಂದು ತಾನೇ ಬರೆದ. ಸೊಲ್ಲಾಪುರದವನು ಮತ್ತೆ ಬಂದಾಗ ಬಾಗಿಲಲ್ಲಿ ಯಾರನ್ನೂ ಏನನ್ನೂ ಕೇಳಲಿಲ್ಲ. ನನ್ನನ್ನು ನೋಡಿ ಒಳಗೆ ಬಂದು ಕೂತ.

ಈಗ ನನಗೆ ಮುಪ್ಪು. ಗೋಡೆಯ ಪಕ್ಕಕ್ಕೆ ಸರಿಸಿದ್ದಾರೆ, ಬಸಲಿಂಗವ್ವ ಒಬ್ಬಳೇ ಕೂರುತ್ತಾಳೆ, ನಡುವಿನಲ್ಲಿ. ಪಟ್ಟಿ ಬಡಿದ ಕಾಲು ದಿನಾ ಕಿರುಗುಟ್ಟುತ್ತದೆ. ತೋಂಟೇಶ ಎಣ್ಣೆ ಬಿಡುತ್ತಾನೆ, ನೋವೆಂದುಕೊಂಡು. ನೋವಲ್ಲ. ಈ ಹೋಟೆಲಿನಲ್ಲಿ ಹೇಳದೆ ಏಳುವ ಪದ್ಧತಿ ಇಲ್ಲ. ಅದಕ್ಕೇ ನಾನೂ ಏಳುವ ಮುಂಚೆಯೇ ಹೇಳುತ್ತಿದ್ದೇನೆ, 'ಎದ್ದೆನ್ರಿ'.