ದಂಡನಾಯಕರ ಹೆಂಡತಿ ಕೊಟ್ಟ ತೀರ್ಪು

ಎಲ್ಲಕ್ಕೂ ಮೂಲ ಒಂದು ಒಗ್ಗರಣೆ. ದಸರಾ ಊಟದ ದಿನ ಐರ್ಲೆಂಡಿನ ಕಾರ್ಕ್ ಊರಿನ ನಮ್ಮ ಕನ್ನಡ ಬಳಗದ ಯಾರೋ ಪುಣ್ಯಾತ್ಮರು ಬಾಡಿಗೆ ಹಾಲ್‌ನ ಅಡುಗೆಮನೆಯಲ್ಲಿ ಕೈತುಂಬ ಒಣಮೆಣಸಿನಕಾಯಿ ಸಿಡಿಸಿದರು. ಫೈರ್ ಅಲಾರ್ಮ್ ಬಡಿದುಕೊಂಡಿತು, ಫೈರ್ ಎಂಜಿನ್ ಓಡಿಬಂತು, ರೇಷ್ಮೆ ಸೀರೆಗಳೆಲ್ಲ ಮಳೆಯಲ್ಲಿ ಕಾರ್ ಪಾರ್ಕಿಗೆ ಇಳಿದವು. ಇನ್ನು ಈ ಕಡೆ ತಲೆ ಹಾಕಬೇಡಿ ಎಂದರು ಹಾಲ್‌ನವರು. ಬಳಗದ ಅಧ್ಯಕ್ಷ ಹೇಮಚಂದ್ರನಿಗೆ ಅಷ್ಟೇ ಸಾಕಾಯಿತು. ಮರುದಿನವೇ ಬಳಗದ ವಾಟ್ಸಾಪ್ ಗ್ರೂಪಿನಲ್ಲಿ ಪ್ರಕಟಣೆ ಹಾಕಿದ: "ಬಳಗದಲ್ಲಿ ತುರ್ತು ಪರಿಸ್ಥಿತಿ ಘೋಷಿಸಲಾಗಿದೆ. ಸಂವಿಧಾನವನ್ನು ಅಮಾನತಿನಲ್ಲಿ ಇಡಲಾಗಿದೆ."

ಐರ್ಲೆಂಡಿನಲ್ಲಿ ನಾಲ್ಕು ಜನ ಸೇರಿ ಚೆಸ್ ಕ್ಲಬ್ ಕಟ್ಟಿದರೂ ಅದಕ್ಕೊಂದು ಸಂವಿಧಾನ ಬರೆದಿಡುತ್ತಾರೆ. ಬಳಗಕ್ಕೂ ಒಂದಿತ್ತು. ಪ್ರತಿ ಯುಗಾದಿಗೆ ಅಧ್ಯಕ್ಷರ ಚುನಾವಣೆ ಆಗಬೇಕು ಎಂದು ಅದರಲ್ಲಿತ್ತು. ಈಗ ಚುನಾವಣೆಯೂ ಇಲ್ಲ, ಕಮಿಟಿಯೂ ಇಲ್ಲ. ಗ್ರೂಪಿನಲ್ಲಿ ಅಡ್ಮಿನ್ ಬಿಟ್ಟು ಬೇರೆ ಯಾರೂ ಗುಡ್ ಮಾರ್ನಿಂಗ್ ಹೂವು ಕೂಡ ಹಾಕುವಂತಿಲ್ಲ. ಅದರಿಂದ ಬಹಳ ಜನಕ್ಕೆ ಒಳಗೊಳಗೇ ಖುಷಿಯಾಯಿತು ಅನ್ನುವುದು ಬೇರೆ ಮಾತು.

ಅಸಲಿ ಸಂಗತಿ ಗೊತ್ತಿದ್ದದ್ದು ಹೇಮಚಂದ್ರನ ಹೆಂಡತಿ ಜಯಶೀಲಾಗೆ ಮಾತ್ರ. ಈ ಸಲ ಮಂಗಳೂರಿನ ಶೆರಿನ್ ಚುನಾವಣೆಗೆ ನಿಲ್ಲುತ್ತಾಳಂತೆ ಎಂಬ ಸುದ್ದಿ ಕಿವಿಗೆ ಬಿದ್ದಂದಿನಿಂದ ಗಂಡನಿಗೆ ನಿದ್ದೆ ಹತ್ತುತ್ತಿರಲಿಲ್ಲ.

"ಜನರನ್ನ ಒಂದು ಮಾತು ಕೇಳಬಾರದಾ?" ಎಂದಳು ಜಯಶೀಲಾ.

"ಕೇಳಿ, ಅವರು ಬೇಡ ಅಂದುಬಿಟ್ರೆ?"

ಪಾಪ ಅನ್ನಿಸಿತು ಅವಳಿಗೆ. ಸಿಟ್ಟೂ ಬಂತು.

ಕೇಳುವ ಬದಲು ಅವನು ನಾಟಕ ಬರೆದ. ಯುಗಾದಿಗೆ ಊರಂಚಿನ ಡಗ್ಲಸ್‌ನಲ್ಲಿ ಹೊಸ ಹಾಲ್ ಹಿಡಿದ. ಕಥೆ ಇಷ್ಟೆ: ದಂಡನಾಯಕನೊಬ್ಬ ಸಂವಿಧಾನವನ್ನು ಮೂಲೆಗಿಟ್ಟು ದೇಶ ಉದ್ಧಾರ ಮಾಡುತ್ತಾನೆ. ಕೊನೆಗೆ ನ್ಯಾಯಾಧೀಶೆ ಎದ್ದು "ದಂಡನಾಯಕರ ಆಳ್ವಿಕೆ ಕಾನೂನುಬದ್ಧ" ಎನ್ನುತ್ತಾಳೆ, ಹೂಮಳೆ ಸುರಿಯುತ್ತದೆ. ಅದನ್ನು ನೋಡಿ ಜನ ಚಪ್ಪಾಳೆ ತಟ್ಟಿಬಿಟ್ಟರೆ ಚುನಾವಣೆಯ ಮಾತೆತ್ತಲು ಯಾರಿಗೆ ಬಾಯಿ ಬರುತ್ತದೆ? ದಂಡನಾಯಕನ ಪಾತ್ರ ತನಗೇ. ಹಳೇ ಬಟ್ಟೆ ಮಾರುವ ಚ್ಯಾರಿಟಿ ಅಂಗಡಿಯಲ್ಲಿ ಬ್ಯಾಂಡ್‌ಸೆಟ್ಟಿನವರ ಕೆಂಪು ಕೋಟು ಸಿಕ್ಕಿತ್ತು. ಹೊಟ್ಟೆಯ ಗುಂಡಿ ಹಾಕಿದರೆ ಉಸಿರಿಲ್ಲ, ಉಸಿರಾಡಿದರೆ ಗುಂಡಿ ಇಲ್ಲ. ಜಡ್ಜ್ ಪಾತ್ರ ಹೆಂಡತಿಗೆ.

"ನೀನಾದ್ರೆ ಬರೆದುಕೊಟ್ಟಿದ್ದನ್ನ ಹೇಳ್ತೀಯ," ಎಂದ.

ಆ ಮಾತು ಅವಳಿಗೆ ಚುರ್ರೆಂದಿತು. ಔಷಧಿ ಕಂಪನಿಯಲ್ಲಿ ಕ್ವಾಲಿಟಿ ನೋಡುವವಳು ಅವಳು. ಉತ್ಪಾದನೆಯ ಮ್ಯಾನೇಜರ್ ಬಂದು ಕುಣಿದಾಡಿದರೂ ಅವಳು ಸರಿಯಿದೆ ಎನ್ನದೆ ಒಂದು ಮಾತ್ರೆ ಗೇಟು ದಾಟುವುದಿಲ್ಲ. ಅಂಥವಳು ಮನೆಯಲ್ಲಿ ಮಾತ್ರ ದಸರಾದಿಂದ ಬಾಯಿ ಹೊಲಿದುಕೊಂಡು ಕೂತಿದ್ದಳು, ಅದಕ್ಕೆ ನಾಚಿಕೆಯೂ ಪಟ್ಟಳು.

ಯುಗಾದಿ ಬಂತು. ಹಾಲ್ ತುಂಬಿತು. ಕೆಂಪು ಕೋಟಿನ ಹೇಮಚಂದ್ರ ಉಸಿರು ಬಿಗಿಹಿಡಿದು ಗುಡುಗಿದ. ಇಬ್ಬರು ಸೈನಿಕರು, ಬೆಂಗಳೂರಿನ ಮಿಥುನ್ ಮತ್ತು ಉಡುಪಿಯ ವಿಲ್ಸನ್, ಪ್ಲಾಸ್ಟಿಕ್ ಬಂದೂಕು ಹಿಡಿದು ಅಕ್ಕಪಕ್ಕ ನಿಂತರು. ಕರಿ ಶಾಲು ಹೊದ್ದ ಜಯಶೀಲಾ ಎದ್ದಳು. ಎದ್ದವಳು ಸುಮ್ಮನೆ ನಿಂತಳು.

ಸೈಡ್‌ವಿಂಗಿನಲ್ಲಿ ಮಾತು ಹೇಳಿಕೊಡಲು ನಿಂತಿದ್ದವನು ಕಿರಣ್. ಮರೆತಳೆಂದುಕೊಂಡು ಪಿಸುಗುಟ್ಟಿದ: "ಆಳ್ವಿಕೆ ಕಾನೂನುಬದ್ಧ." ಅವಳು ಅಲ್ಲಾಡಲಿಲ್ಲ. ಕಿರಣ್ ದನಿ ಏರಿಸಿದ. ಮುಂದಿನ ಸಾಲಿನ ಹೆಂಗಸರೂ ದಯೆಯಿಂದ "ಕಾನೂನುಬದ್ಧ, ಜಯಾ, ಕಾನೂನುಬದ್ಧ" ಎಂದರು. ಕೊನೆಗೆ ಕಿರಣ್ ಅಕ್ಷರಶಃ ಕಿರುಚಿದ.

"ಕೇಳಿಸ್ತು ಕಿರಣ್," ಎಂದಳು ಜಯಶೀಲಾ. "ಆದ್ರೆ ತೀರ್ಪು ನನ್ನದು. ದಂಡನಾಯಕರ ಆಳ್ವಿಕೆ ಕಾನೂನುಬಾಹಿರ. ಸಂವಿಧಾನ ಜಾರಿಯಲ್ಲಿದೆ. ಚುನಾವಣೆ ಇವತ್ತೇ, ಊಟಕ್ಕೆ ಮುಂಚೆ."

ಹೇಮಚಂದ್ರನ ಮುಖ ಕೋಟಿನ ಬಣ್ಣಕ್ಕೆ ತಿರುಗಿತು. "ಸೈನಿಕರೇ, ಇವಳನ್ನು ಬಂಧಿಸಿ!"

"ಸರ್, ಇದು ಸ್ಕ್ರಿಪ್ಟ್‌ನಲ್ಲಿ ಇಲ್ವಲ್ಲ," ಎಂದ ಮಿಥುನ್.

"ಜಡ್ಜನ್ನ ಹೇಗೆ ಹಿಡಿಯೋದು ಸರ್?" ಎಂದ ವಿಲ್ಸನ್.

"ಶೀ ಈಸ್ ದ ಜಡ್ಜ್, ಲೈಕ್!" ಎಂದು ಮುಂದೆ ಕೂತಿದ್ದ ಹುಡುಗಿಯೊಬ್ಬಳು, ಮಾತಿನ ಕೊನೆಗೊಂದು 'ಲೈಕ್' ಸೇರಿಸುವ ಕಾರ್ಕ್ ರಾಗದಲ್ಲಿ ಕೂಗಿದಳು. ಆಮೇಲೆ ಎದ್ದ ನಗುವನ್ನು ಹೇಳತೀರದು. ವಯಸ್ಸಾದವರೂ ಕುರ್ಚಿ ತಟ್ಟಿ ನಕ್ಕರು. ಯಾರೋ ಗಡಿಬಿಡಿಯಲ್ಲಿ ಹೂಮಳೆಯನ್ನೂ ಸುರಿದರು.

ಆ ಗಲಾಟೆಯಲ್ಲಿ ಹೇಮಚಂದ್ರ ಹೆಂಡತಿಯ ಹತ್ತಿರ ಬಂದ. ಕಾಲರಿನಲ್ಲಿ ಮೈಕ್ ಇದೆ ಅನ್ನುವುದು ಅವನಿಗೆ ನೆನಪಿರಲಿಲ್ಲ. "ಸೋತುಹೋದ್ರೆ, ಜಯಾ?" ಎಂದದ್ದು ಕೊನೆಯ ಸಾಲಿಗೂ ಕೇಳಿಸಿತು.

ನಗು ನಿಂತಿತು. ಇಷ್ಟು ತಿಂಗಳ ದರ್ಬಾರಿನ ಹಿಂದೆ ಇದ್ದದ್ದು ಇದಿಷ್ಟೇ ಎಂದು ಎಲ್ಲರಿಗೂ ಒಟ್ಟಿಗೇ ತಿಳಿಯಿತು.

"ಸೋತ್ರೆ ಸೋತೆ," ಎಂದಳು ಜಯಶೀಲಾ. "ನಾನೇನು ಮನೆಗೆ ಸೇರಿಸಲ್ಲ ಅಂತೀನಾ?"

ಅವನು ಕೋಟಿನ ಗುಂಡಿ ಬಿಚ್ಚಿ, ಹೊಟ್ಟೆತುಂಬ ಉಸಿರೆಳೆದುಕೊಂಡು, ಸಭೆಯ ಕಡೆ ತಿರುಗಿದ. "ಚೀಟಿ ಹರಿಯಿರಿ. ವೋಟ್ ಹಾಕೋಣ."

ಕೋಸಂಬರಿಯ ಖಾಲಿ ಪಾತ್ರೆಯೇ ಮತಪೆಟ್ಟಿಗೆಯಾಯಿತು. ಶೆರಿನ್ ಗೆದ್ದಳು, ಕೂದಲೆಳೆಯಲ್ಲಿ. ಫಲಿತಾಂಶವನ್ನು ತಾನೇ ಓದುತ್ತೇನೆಂದು ಹಟ ಹಿಡಿದು ಓದಿದವನು ಹೇಮಚಂದ್ರ. ಒಂದಂಕೆ ಬಿಡದೆ ಪೂರ್ತಿ ಓದಿದ. ಹಾಲ್‌ನ ಕೀಲಿಕೈಯನ್ನು ಶೆರಿನ್ ಕೈಗಿಟ್ಟು, "ಒಗ್ಗರಣೆ ಮನೇಲೇ ಹಾಕ್ಕೊಂಡು ಬರೋಕೆ ಹೇಳು ಎಲ್ರಿಗೂ," ಎಂದ. ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು. ಅಧ್ಯಕ್ಷನಾಗಿದ್ದಾಗ ಅಷ್ಟು ದೊಡ್ಡ ಚಪ್ಪಾಳೆ ಅವನಿಗೆ ಬಿದ್ದಿರಲಿಲ್ಲ. ಜಯಶೀಲಾ ಕರಿ ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡಳು. ಮದುವೆಯಾದಾಗಿನಿಂದ ಗಂಡನ ಮೇಲೆ ಅವಳಿಗೆ ಇಷ್ಟು ಹೆಮ್ಮೆ ಆಗಿದ್ದೇ ಇಲ್ಲ.

ಊಟ ಮುಗಿಸಿ ಮನೆಗೆ ಹೊರಟಾಗ ಅವಳೇ ಕಾರು ಓಡಿಸಿದಳು. ಮೊದಲನೇ ಸಿಗ್ನಲ್ ಬಳಿ ಕಾರು ನಿಂತಿತು. ಅವನು ಕೆಮ್ಮಿದ.

"ಜಡ್ಜಮ್ಮ, ಅಪೀಲಿಗೆ ಅವಕಾಶ ಇದೆಯಾ?"

"ಇದೆ," ಎಂದಳು ಜಯಶೀಲಾ. "ಮುಂದಿನ ಯುಗಾದಿಗೆ."